ಬಾಗದ ಬೆಳಕಿನ ಬೆನ್ನುಹತ್ತಿದ ರಾಂಟ್ಜನ್

ಕನ್ನಡ ಶಾಲೆಯಲ್ಲಿ ವಿಜ್ಞಾನ ಓದಿದವರಿಗೆಲ್ಲ ‘ಕ್ಷ-ಕಿರಣ’ ಎಂಬ ಮಾತು ನೆನಪಿರಬೇಕು. ಇಂಗ್ಲಿಷಿನ ಎಕ್ಸ್ ಅಕ್ಷರ ಇದ್ದ ಜಾಗದಲ್ಲಿ ನಮ್ಮ ಪಠ್ಯಪುಸ್ತಕದವರು ಕನ್ನಡದ ಕ್ಷ ಅಕ್ಷರವನ್ನು ಕೂರಿಸಿದರು. ಬಾಯಿಮಾತಿನಲ್ಲಿ ಮಾತ್ರ ಅದು ಎಕ್ಸ್‌ರೇ ಆಗಿಯೇ ಉಳಿಯಿತು. ಬೀಜಗಣಿತದಲ್ಲಿ ಬೆಲೆ ಗೊತ್ತಿಲ್ಲದ ರಾಶಿಗೆ ಎಕ್ಸ್ ಎನ್ನುವ ಹಾಗೆ, ಸ್ವಭಾವ ಇನ್ನೂ ತಿಳಿಯದ ಒಂದು ಕಿರಣಕ್ಕೆ ಆ ಹೆಸರಿಟ್ಟವನು ಜರ್ಮನಿಯ ವಿಲ್ಹೆಲ್ಮ್ ಕೋನ್ರಾಡ್ ರಾಂಟ್ಜನ್. ತನಗೆ ತಿಳಿಯದ್ದನ್ನು ತಿಳಿಯದು ಎಂದೇ ಕರೆದವನು ಆತ.

ವೈದ್ಯನಾದ ನನಗೆ ಈತನ ಋಣ ದಿನನಿತ್ಯದ್ದು. ಎದೆಯ ಚಿತ್ರವನ್ನು ನೋಡದೆ ನನ್ನ ಒಂದು ದಿನವೂ ಮುಗಿಯುವುದಿಲ್ಲ. ಹೆಂಡತಿಯ ಕೈಯ ಮೂಳೆಗಳನ್ನೂ ಉಂಗುರವನ್ನೂ ತೋರಿಸಿದ ರಾಂಟ್ಜನ್‌ನ ಚಿತ್ರದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಅದೇ ಮನುಷ್ಯ ಆ ಕಿರಣವನ್ನು ಮಸೂರದಿಂದ ಬಾಗಿಸಲು ಹೋಗಿ ಸೋತದ್ದು, ಸೋತೆನೆಂದು ಸ್ಪಷ್ಟವಾಗಿ ಬರೆದಿಟ್ಟದ್ದು, ನೂರು ವರ್ಷದ ಬಳಿಕ ಆ ಮಸೂರ ಕೈಗೂಡಿದ್ದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಈ ಲೇಖನದಲ್ಲಿ ರಾಂಟ್ಜನ್‌ನ ಬದುಕನ್ನು ಆ ದಾರಿಯಿಂದ ನೋಡುವ ಪ್ರಯತ್ನ ಮಾಡಿದ್ದೇನೆ.

ಪ್ರಮಾಣಪತ್ರವಿಲ್ಲದ ಹುಡುಗ

ರಾಂಟ್ಜನ್ ಹುಟ್ಟಿದ್ದು 1845ರ ಮಾರ್ಚ್ 27ರಂದು, ರೈನ್ ಪ್ರಾಂತದ ಲೆನ್ನೆಪ್ ಎಂಬ ಸಣ್ಣ ಊರಿನಲ್ಲಿ. ತಂದೆ ಬಟ್ಟೆ ವ್ಯಾಪಾರಿ. ತಾಯಿಯ ಬಳಗ ಹಾಲೆಂಡಿನದು. ಒಬ್ಬನೇ ಮಗ. ಮಗುವಿಗೆ ಮೂರು ವರ್ಷವಾದಾಗ ಸಂಸಾರ ಹಾಲೆಂಡಿನ ಅಪೆಲ್ಡೋರ್ನ್‌ಗೆ ವಲಸೆ ಹೋಯಿತು. ಹೀಗೆ ಜರ್ಮನಿಯಲ್ಲಿ ಹುಟ್ಟಿದ ಮಗು ಡಚ್ ನೆಲದಲ್ಲಿ ಬೆಳೆಯಿತು.

ಯುಟ್ರೆಕ್ಟ್ ನಗರದ ತಾಂತ್ರಿಕ ಶಾಲೆಯಲ್ಲಿ ಓದುವಾಗ ಒಂದು ಪ್ರಸಂಗ ನಡೆಯಿತೆಂದು ಆತನ ಜೀವನಚರಿತ್ರೆಗಳು ಹೇಳುತ್ತವೆ. ತರಗತಿಯ ಹುಡುಗನೊಬ್ಬ ಅಧ್ಯಾಪಕರ ವ್ಯಂಗ್ಯಚಿತ್ರ ಬರೆದ. ಯಾರು ಬರೆದದ್ದೆಂದು ರಾಂಟ್ಜನ್‌ನನ್ನು ಕೇಳಿದರು. ಹೆಸರು ಹೇಳಲು ಒಪ್ಪದಿದ್ದಕ್ಕೆ ಶಾಲೆಯಿಂದಲೇ ಹೊರಹಾಕಿದರು. ವಿಶ್ವವಿದ್ಯಾನಿಲಯ ಸೇರಲು ಬೇಕಾದ ಪ್ರಮಾಣಪತ್ರ ಇದರಿಂದಾಗಿ ಸಿಗದೇ ಹೋಯಿತು. ಯುಟ್ರೆಕ್ಟ್ ವಿಶ್ವವಿದ್ಯಾನಿಲಯದಲ್ಲಿ ಕೆಲಕಾಲ ಕುಳಿತು ಪಾಠ ಕೇಳಿದರೂ ಪೂರ್ಣ ವಿದ್ಯಾರ್ಥಿಯಾಗಲು ಆಗಲಿಲ್ಲ. ಕೊನೆಗೆ ಕೈಹಿಡಿದದ್ದು ಜ್ಯೂರಿಕ್‌ನ ಪಾಲಿಟೆಕ್ನಿಕ್. 1865ರಲ್ಲಿ ಅಲ್ಲಿ ಸೇರಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, 1869ರಲ್ಲಿ ಜ್ಯೂರಿಕ್ ವಿಶ್ವವಿದ್ಯಾನಿಲಯದಿಂದ ಅನಿಲಗಳ ಮೇಲಿನ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದ.

ಜ್ಯೂರಿಕ್ ಆತನಿಗೆ ಇನ್ನೂ ಇಬ್ಬರನ್ನು ಕೊಟ್ಟಿತು. ಒಬ್ಬರು ಗುರು ಆಗಸ್ಟ್ ಕುಂಟ್. ಎಂಜಿನಿಯರನನ್ನು ಭೌತವಿಜ್ಞಾನಕ್ಕೆ ತಿರುಗಿಸಿದವರು. ಇನ್ನೊಬ್ಬಳು ಅನ್ನಾ ಬರ್ಥಾ ಲುಡ್ವಿಗ್, ವಿದ್ಯಾರ್ಥಿಗಳು ಸೇರುತ್ತಿದ್ದ ಒಂದು ಹೋಟೆಲಿನ ಯಜಮಾನನ ಮಗಳು. ಆಕೆ ಈತನಿಗಿಂತ ಆರು ವರ್ಷ ದೊಡ್ಡವಳು. 1872ರ ಜನವರಿಯಲ್ಲಿ ಮದುವೆಯಾಯಿತು. ಮಕ್ಕಳಾಗಲಿಲ್ಲ. 1887ರಲ್ಲಿ ಬರ್ಥಾಳ ಅಣ್ಣನ ಆರು ವರ್ಷದ ಮಗಳನ್ನು ಮನೆಗೆ ಕರೆತಂದು ಸಾಕಿದರು.

ಕುಂಟ್ ವ್ಯೂರ್ಟ್ಸ್‌ಬರ್ಗ್‌ಗೆ ಹೋದಾಗ ಶಿಷ್ಯನೂ ಹಿಂಬಾಲಿಸಿದ. ಅಲ್ಲಿ ಹಳೆಯ ತೊಡಕು ಮತ್ತೆ ಎದುರಾಯಿತು. ಶಾಲೆಯ ಪ್ರಮಾಣಪತ್ರ ಇಲ್ಲದವನಿಗೆ ಬೋಧನೆಯ ಹಕ್ಕು ಕೊಡಲಾಗದೆಂದು ವಿಶ್ವವಿದ್ಯಾನಿಲಯ ನಿರಾಕರಿಸಿತು. ಡಾಕ್ಟರೇಟ್ ಕೈಯಲ್ಲಿದ್ದರೂ ಶಾಲೆಯ ಕಾಗದ ಕೇಳಿದರು! ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಹೊರದೇಶಕ್ಕೆ ಬಂದು ಮತ್ತೆ ಪರೀಕ್ಷೆ ಬರೆದು, ಮತ್ತೆ ರೆಸಿಡೆನ್ಸಿ ಮಾಡಿದ ನನ್ನಂಥವರಿಗೆ ಈ ಭಾಗ ಓದುವಾಗ ಮುಗುಳ್ನಗೆ ಬರುತ್ತದೆ.

ರಾಂಟ್ಜನ್ ಜಗಳಕ್ಕೆ ನಿಲ್ಲಲಿಲ್ಲ. ಗುರುವಿನ ಜೊತೆ ಸ್ಟ್ರಾಸ್‌ಬರ್ಗ್‌ಗೆ ಹೋದ. 1874ರಲ್ಲಿ ಅಲ್ಲಿ ಬೋಧನೆಯ ಹಕ್ಕು ದೊರೆಯಿತು. ಹೋಹನ್‌ಹೈಮ್‌ನ ಕೃಷಿ ವಿದ್ಯಾಲಯ, ಮತ್ತೆ ಸ್ಟ್ರಾಸ್‌ಬರ್ಗ್, 1879ರಿಂದ ಗೀಸನ್, ಹೀಗೆ ಊರೂರು ಸುತ್ತಿ 1888ರಲ್ಲಿ ವ್ಯೂರ್ಟ್ಸ್‌ಬರ್ಗ್‌ಗೆ ಮರಳಿದ. ಹಿಂದೆ ಬಾಗಿಲು ಹಾಕಿದ್ದ ವಿಶ್ವವಿದ್ಯಾನಿಲಯವೇ ಪ್ರಾಧ್ಯಾಪಕನಾಗಿ ಬರುವಂತೆ ಕರೆದಿತ್ತು. 1894ರಲ್ಲಿ ಅದರ ಮುಖ್ಯಸ್ಥನ ಹುದ್ದೆಗೂ ಆಯ್ಕೆಯಾದ.

ಈ ವರ್ಷಗಳ ಕೆಲಸವೆಲ್ಲ ವಸ್ತುಗಳ ಗುಣಗಳನ್ನು ಅಳೆಯುವುದು: ಹರಳಿನೊಳಗೆ ಶಾಖ ಯಾವ ದಿಕ್ಕಿಗೆ ಎಷ್ಟು ಹರಿಯುತ್ತದೆ, ದ್ರವವನ್ನು ಒತ್ತಿದರೆ ಎಷ್ಟು ಕುಗ್ಗುತ್ತದೆ, ಇಂಥವು. ಉಪಕರಣಗಳನ್ನು ಬಹುಮಟ್ಟಿಗೆ ತಾನೇ ಮಾಡಿಕೊಳ್ಳುತ್ತಿದ್ದ. ಒಂದು ಅಳತೆಯನ್ನು ಹತ್ತು ಸಲ ಪರೀಕ್ಷಿಸದೆ ಹೊರಗೆ ಹೇಳುವವನಲ್ಲ. ಈ ಅಭ್ಯಾಸವೇ ಮುಂದೆ ಆತನನ್ನು ಕಾಪಾಡಿತು.

ಆ ಶುಕ್ರವಾರ

1895ರ ನವೆಂಬರ್ 8, ಶುಕ್ರವಾರ. ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ವಿದ್ಯುತ್ ಹರಿಸಿದಾಗ ಹುಟ್ಟುವ ಕ್ಯಾಥೋಡ್ ಕಿರಣಗಳನ್ನು ಆ ಕಾಲದಲ್ಲಿ ಹಲವರು ಅಭ್ಯಾಸ ಮಾಡುತ್ತಿದ್ದರು. ರಾಂಟ್ಜನ್ ತನ್ನ ಕೊಳವೆಗೆ ಕಪ್ಪು ರಟ್ಟನ್ನು ಸುತ್ತಿ, ಕೋಣೆಯನ್ನು ಕತ್ತಲು ಮಾಡಿದ್ದ. ಹೊರಗೆ ಒಂದಿಷ್ಟೂ ಬೆಳಕು ಬರುವಂತಿರಲಿಲ್ಲ. ಆದರೂ ಸ್ವಲ್ಪ ದೂರದಲ್ಲಿದ್ದ, ಬೇರಿಯಂ ಪ್ಲಾಟಿನೋಸೈನೈಡ್ ಬಳಿದ ಪರದೆ ಮಿನುಗಿತು. ಕ್ಯಾಥೋಡ್ ಕಿರಣಗಳು ಗಾಳಿಯಲ್ಲಿ ಕೆಲವು ಸೆಂಟಿಮೀಟರ್‌ಗಿಂತ ಹೆಚ್ಚು ಸಾಗಲಾರವು. ಈ ಪರದೆಯೋ ಎರಡು ಮೀಟರ್ ದೂರಕ್ಕೆ ಒಯ್ದರೂ ಹೊಳೆಯುತ್ತಿತ್ತು.

ಮುಂದಿನ ಏಳು ವಾರ ಆತ ಯಾರಿಗೂ ಬಾಯಿ ಬಿಡಲಿಲ್ಲ. ಮನೆ ಇದ್ದದ್ದು ಪ್ರಯೋಗಾಲಯದ ಮೇಲಂತಸ್ತಿನಲ್ಲೇ. ಆದರೂ ಊಟ, ನಿದ್ದೆ ಎಷ್ಟೋ ಸಲ ಪ್ರಯೋಗಾಲಯದಲ್ಲೇ ಆಗುತ್ತಿತ್ತು. ಸುಮಾರು ಸಾವಿರ ಪುಟದ ಪುಸ್ತಕವನ್ನು ಅಡ್ಡ ಹಿಡಿದ, ಕಿರಣ ದಾಟಿತು. ಹದಿನೈದು ಮಿಲಿಮೀಟರ್ ಅಲ್ಯೂಮಿನಿಯಂ ಹಿಡಿದ, ಕುಗ್ಗಿದರೂ ದಾಟಿತು. ಒಂದೂವರೆ ಮಿಲಿಮೀಟರ್ ಸೀಸದ ಮುಂದೆ ಮಾತ್ರ ನಿಂತುಹೋಯಿತು. ಡಿಸೆಂಬರ್ 22ರಂದು ಬರ್ಥಾಳನ್ನು ಕೆಳಗೆ ಕರೆದು, ಆಕೆಯ ಕೈಯನ್ನು ಫೋಟೋ ಪ್ಲೇಟಿನ ಮೇಲೆ ಇರಿಸಿ ಹದಿನೈದು ನಿಮಿಷ ಕಿರಣ ಹಾಯಿಸಿದ. ಡಿಸೆಂಬರ್ 28ರಂದು ವ್ಯೂರ್ಟ್ಸ್‌ಬರ್ಗ್‌ನ ಭೌತ-ವೈದ್ಯಕೀಯ ಸಂಘಕ್ಕೆ ತನ್ನ ಪ್ರಬಂಧವನ್ನು ಒಪ್ಪಿಸಿದ.

ಹೊಸ ವರ್ಷದ ದಿನ ಪ್ರಬಂಧದ ಪ್ರತಿಗಳೂ ಚಿತ್ರಗಳೂ ಗೆಳೆಯರಿಗೆ ಅಂಚೆಯಲ್ಲಿ ಹೋದವು. ಜನವರಿ 5ರಂದು ವಿಯೆನ್ನಾದ ಪತ್ರಿಕೆಯಲ್ಲಿ ಸುದ್ದಿ ಬಂತು. 13ರಂದು ಬರ್ಲಿನ್ನಿನಲ್ಲಿ ಚಕ್ರವರ್ತಿಯ ಎದುರು ಪ್ರದರ್ಶನ ನಡೆಯಿತು. 23ರಂದು ಸ್ವಂತ ಊರಿನ ತುಂಬಿದ ಸಭೆಯಲ್ಲಿ, 78 ವರ್ಷದ ಅಂಗರಚನಾ ಶಾಸ್ತ್ರಜ್ಞ ಕೋಲಿಕರ್ ಅವರ ಕೈಯ ಚಿತ್ರ ತೆಗೆದು ತೋರಿಸಿದ. ಆ ಹಿರಿಯರು ಎದ್ದು ನಿಂತು ಇವುಗಳನ್ನು ರಾಂಟ್ಜನ್ ಕಿರಣಗಳೆಂದು ಕರೆಯಬೇಕೆಂದು ಸೂಚಿಸಿದರು. ರಾಂಟ್ಜನ್ ಮಾತ್ರ ಕೊನೆಯವರೆಗೂ ಎಕ್ಸ್-ಕಿರಣ ಎಂದೇ ಹೇಳುತ್ತಿದ್ದ. ಫೆಬ್ರವರಿ 3ರ ಹೊತ್ತಿಗೆ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಒಬ್ಬ ಹುಡುಗನ ಮುರಿದ ಮಣಿಕಟ್ಟಿನ ಚಿತ್ರ ತೆಗೆದಾಗಿತ್ತು. ವೈದ್ಯಶಾಸ್ತ್ರದಲ್ಲಿ ಪ್ರಯೋಗಾಲಯದಿಂದ ರೋಗಿಯ ಹಾಸಿಗೆಯವರೆಗಿನ ದೂರವನ್ನು ಇಷ್ಟು ಬೇಗ ಕ್ರಮಿಸಿದ ಶೋಧ ಇನ್ನೊಂದು ಇರಲಾರದು.

ಆಗಲಿಲ್ಲ ಎಂದು ಬರೆದವನು

ಜನರು ಕೈಯ ಚಿತ್ರಕ್ಕೆ ಮರುಳಾದರು. ಆದರೆ ಹದಿನೇಳು ಸಣ್ಣ ಭಾಗಗಳಿರುವ ಆ ಮೊದಲ ಪ್ರಬಂಧದಲ್ಲಿ ಬಹಳ ಭಾಗ ಬೇರೊಂದು ಪ್ರಶ್ನೆಗೆ ಮೀಸಲು. ಇದು ಬೆಳಕಿನ ಜಾತಿಯದೇ? ಹಾಗಿದ್ದರೆ ಬೆಳಕು ಮಾಡುವುದನ್ನೆಲ್ಲ ಇದೂ ಮಾಡಬೇಕು. ಪ್ರಿಸಂನಲ್ಲಿ ಬಾಗಬೇಕು, ಕನ್ನಡಿಯಲ್ಲಿ ಪ್ರತಿಫಲಿಸಬೇಕು, ಮಸೂರದಲ್ಲಿ ಒಂದು ಬಿಂದುವಿಗೆ ಕೂಡಬೇಕು.

ರಾಂಟ್ಜನ್ ಅಭ್ರಕದ ಪ್ರಿಸಂ ಮಾಡಿ ಅದರಲ್ಲಿ ನೀರು ತುಂಬಿಸಿ ನೋಡಿದ, ಕಾರ್ಬನ್ ಡೈಸಲ್ಫೈಡ್ ತುಂಬಿಸಿ ನೋಡಿದ. ಕಿರಣ ಬಾಗಲಿಲ್ಲ. ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಪ್ರಿಸಂ, ಅಲ್ಯೂಮಿನಿಯಂ ಪ್ರಿಸಂ ಇಟ್ಟಾಗ ಪ್ಲೇಟಿನ ಮೇಲೆ ಏನೋ ಅಲ್ಪ ಸರಿದಂತೆ ಕಂಡಿತು, ಖಚಿತವಿರಲಿಲ್ಲ. ಬಾಗಿದ್ದರೂ ವಕ್ರೀಭವನಾಂಕ 1.05ನ್ನು ಮೀರದು ಎಂದು ಬರೆದ. ಸಾಮಾನ್ಯ ಗಾಜಿಗೆ ಬೆಳಕಿನ ವಿಷಯದಲ್ಲಿ ಅದು ಸುಮಾರು 1.5.

ಅಷ್ಟಕ್ಕೇ ಬಿಡಲಿಲ್ಲ. ಕಲ್ಲುಸಕ್ಕರೆಯ ಹರಳಿನಲ್ಲಿ ಬೆಳಕು ಹಾಯುತ್ತದೆ. ಅದನ್ನೇ ಕುಟ್ಟಿ ಪುಡಿ ಮಾಡಿದರೆ ಬೆಳ್ಳಗಾಗಿ ಆಚೆ ಏನೂ ಕಾಣದು. ಒಂದೊಂದು ಕಣದ ಅಂಚಿನಲ್ಲೂ ಬೆಳಕು ಬಾಗಿ, ಚದುರಿ ಹೋಗುವುದೇ ಇದಕ್ಕೆ ಕಾರಣ. ಈ ಯುಕ್ತಿಯನ್ನು ರಾಂಟ್ಜನ್ ತನ್ನ ಕಿರಣಕ್ಕೂ ಹಚ್ಚಿದ. ಕಲ್ಲುಪ್ಪು, ಬೆಳ್ಳಿ, ಸತು ಇವುಗಳ ಪುಡಿಯನ್ನು ಅಷ್ಟೇ ತೂಕದ ಗಟ್ಟಿ ವಸ್ತುವಿನ ಜೊತೆ ಹೋಲಿಸಿದ. ಎರಡರಲ್ಲೂ ಕಿರಣ ಒಂದೇ ರೀತಿ ದಾಟಿತು. ಅಂದರೆ ಅಂಚುಗಳಲ್ಲಿ ಗಮನಕ್ಕೆ ಬರುವಷ್ಟು ಬಾಗುವಿಕೆಯೂ ಇಲ್ಲ, ಪ್ರತಿಫಲನವೂ ಇಲ್ಲ. ಎಬೊನೈಟ್ ಮಸೂರ, ಗಾಜಿನ ಮಸೂರ ಎರಡೂ ಸೋತವು. ಕ್ಷ-ಕಿರಣವನ್ನು ಮಸೂರದಿಂದ ಒಂದೆಡೆ ಕೂಡಿಸುವುದು ಸಾಧ್ಯವಿಲ್ಲ ಎಂದು ಆತ ತೀರ್ಮಾನಿಸಿದ. ಬೆಳಕಿನ ಅಲೆಗಳು ಒಂದರ ಮೇಲೊಂದು ಬಿದ್ದು ಮೂಡಿಸುವ ಪಟ್ಟಿಗಳನ್ನೂ ಹುಡುಕಿದ. ಕಾಣಲಿಲ್ಲವೆಂದು ಅದನ್ನೂ ಬರೆದ.

ಇದರ ಅರ್ಥವೇನು? ಮಸೂರವಿಲ್ಲದೆ ಸೂಕ್ಷ್ಮದರ್ಶಕವಿಲ್ಲ. ನಾವು ಆಸ್ಪತ್ರೆಯಲ್ಲಿ ನೋಡುವ ಎಕ್ಸ್‌ರೇ ಮಸೂರ ಮೂಡಿಸಿದ ಬಿಂಬವಲ್ಲ. ದೀಪದ ಮುಂದೆ ಕೈ ಹಿಡಿದಾಗ ಗೋಡೆಯ ಮೇಲೆ ಬೀಳುವಂಥ ನೆರಳು. ಆ ನೆರಳಿನಲ್ಲೂ ರಾಂಟ್ಜನ್ ಬಹಳ ಕಂಡ. ಮುಚ್ಚಿದ ಪೆಟ್ಟಿಗೆಯೊಳಗಿನ ತೂಕದ ಬಟ್ಟುಗಳು, ಮರದ ಉರುಳೆಗೆ ಸುತ್ತಿದ ತಂತಿ, ಲೋಹದ ಡಬ್ಬಿಯೊಳಗಿನ ದಿಕ್ಸೂಚಿಯ ಮುಳ್ಳು, ಇವೆಲ್ಲ ಆ ಮೊದಲ ಪ್ರಬಂಧದ ಪಟ್ಟಿಯಲ್ಲಿವೆ. ಜೊತೆಗೆ ಒಂದು ಲೋಹದ ತುಂಡು. ಹೊರಗೆ ಒಂದೇ ಸಮವಾಗಿ ಕಂಡರೂ ಒಳಗೆ ಹಾಗಿಲ್ಲವೆಂದು ಚಿತ್ರ ತೋರಿಸಿತು. ತನ್ನ ಬೇಟೆಯ ಬಂದೂಕಿನ ಚಿತ್ರವನ್ನೂ ತೆಗೆದ. ಇಂದು ವಿಮಾನದ ಭಾಗಗಳ ಬಿರುಕನ್ನೂ ತೈಲದ ಕೊಳವೆಗಳ ಬೆಸುಗೆಯನ್ನೂ ಪರೀಕ್ಷಿಸುವ ವಿದ್ಯೆಯ ಮೊದಲ ಪಾಠ ಇದೇ. ಮನುಷ್ಯನ ಮೂಳೆಯನ್ನೂ ಲೋಹದ ಒಡಲನ್ನೂ ಆತ ಒಂದೇ ತಿಂಗಳಲ್ಲಿ ನೋಡಿಬಿಟ್ಟಿದ್ದ.

ಹಕ್ಕು ಬೇಡವೆಂದವನು

ಕೊಳವೆ, ಸುರುಳಿ, ಪ್ಲೇಟು ಇಷ್ಟಿದ್ದರೆ ಯಾರು ಬೇಕಾದರೂ ಎಕ್ಸ್‌ರೇ ತೆಗೆಯಬಹುದಿತ್ತು. ಪೇಟೆಂಟ್ ಮಾಡಿಸಿದ್ದರೆ ರಾಂಟ್ಜನ್ ಅಪಾರ ಹಣ ಗಳಿಸಬಹುದಿತ್ತು. ವಿದ್ಯುತ್ ಉಪಕರಣಗಳ ಕಂಪನಿಗಳು ಒಪ್ಪಂದಕ್ಕೆ ಕೇಳಿಯೂ ಇದ್ದವು. ವಿಶ್ವವಿದ್ಯಾನಿಲಯದಲ್ಲಿ ದೊರೆತ ಶೋಧ ಎಲ್ಲ ಮನುಷ್ಯರಿಗೆ ಸೇರಿದ್ದು ಎಂಬುದು ಆತನ ನಿಲುವು. ಪೇಟೆಂಟ್ ಮಾಡಿಸಲಿಲ್ಲ. ಬವೇರಿಯಾದ ರಾಜಮನೆತನ ಕೊಡಮಾಡಿದ ‘ಫಾನ್’ ಎಂಬ ಕುಲೀನ ಬಿರುದನ್ನೂ ಹೆಸರಿಗೆ ಸೇರಿಸಿಕೊಳ್ಳಲಿಲ್ಲ. 1901ರಲ್ಲಿ ನೊಬೆಲ್ ಪಾರಿತೋಷಕಗಳು ಆರಂಭವಾದಾಗ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಈತನಿಗೇ ಸಂದಿತು. ಸ್ಟಾಕ್‌ಹೋಮ್‌ಗೆ ಹೋಗಿ ಸ್ವೀಕರಿಸಿದ, ಉಪನ್ಯಾಸ ಕೊಡದೆ ಮರಳಿದ. ಬಹುಮಾನದ ಹಣವನ್ನು ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾನಿಲಯಕ್ಕೆ ಕೊಟ್ಟ. ಒಮ್ಮೆ ಪ್ರಮಾಣಪತ್ರ ಕೇಳಿ ಹಿಂದೆ ಕಳಿಸಿದ್ದ ವಿಶ್ವವಿದ್ಯಾನಿಲಯಕ್ಕೆ!

ಆ ಹೊತ್ತಿಗೆ ಈ ಕಿರಣದ ಕ್ರೂರ ಮುಖವೂ ಹೊರಬರುತ್ತಿತ್ತು. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಕೈಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡ. ರಾಂಟ್ಜನ್ ಪಾರಾದದ್ದು ತನ್ನ ಕೆಲಸದ ಕ್ರಮದಿಂದ. ಬೇಡದ ಕಿರಣ ಅಳತೆಗೆ ಅಡ್ಡಿಯಾಗದಿರಲೆಂದು ಆತ ಸತುವಿನ ತಗಡಿನ ದೊಡ್ಡ ಪೆಟ್ಟಿಗೆ ಮಾಡಿಸಿ, ಸೀಸದ ಹಲಗೆಯ ಮರೆಯಲ್ಲಿ ಅದರೊಳಗೆ ಕುಳಿತು ಪ್ರಯೋಗ ಮಾಡುತ್ತಿದ್ದ. ಅಳತೆಯ ಶುದ್ಧಿಗಾಗಿ ಮಾಡಿದ್ದು ಜೀವವನ್ನೂ ಕಾಯಿತು.

ಮ್ಯೂನಿಕ್‌ನ ಹರಳು

1900ರಲ್ಲಿ ರಾಂಟ್ಜನ್ ಮ್ಯೂನಿಕ್‌ಗೆ ಬಂದ. ಕ್ಷ-ಕಿರಣದ ಬಗ್ಗೆ ಆತ ಬರೆದದ್ದು ಮೂರೇ ಪ್ರಬಂಧ. 1897ರಲ್ಲಿ ಅದು ಮುಗಿದಿತ್ತು. ಮುಂದೆ ಮನಸ್ಸು ಹರಳುಗಳ ಕಡೆ ಹೋಯಿತು. ರಷ್ಯಾದಿಂದ ಬಂದ ಶಿಷ್ಯ ಅಬ್ರಾಮ್ ಯೋಫೆ ಜೊತೆಗೂಡಿ, ಹರಳಿನ ಮೂಲಕ ವಿದ್ಯುತ್ ಹೇಗೆ ಹರಿಯುತ್ತದೆ, ಕ್ಷ-ಕಿರಣ ಬಿದ್ದಾಗ ಏನಾಗುತ್ತದೆ ಎಂದು ವರ್ಷಗಟ್ಟಲೆ ಅಳೆದ.

ತನ್ನ ಕಿರಣ ಏನೆಂಬುದಕ್ಕೆ ಉತ್ತರ ಅದೇ ಊರಿನಲ್ಲಿ, ಹರಳಿನಿಂದಲೇ ಬಂತು. 1906ರಲ್ಲಿ ಸಿದ್ಧಾಂತಿ ಸಾಮರ್‌ಫೆಲ್ಡ್‌ರನ್ನು ಮ್ಯೂನಿಕ್‌ಗೆ ತರಿಸುವಲ್ಲಿ ರಾಂಟ್ಜನ್‌ನ ಒತ್ತಾಯವಿತ್ತು. ಅವರ ವಿಭಾಗದಲ್ಲಿದ್ದ ಮ್ಯಾಕ್ಸ್ ಲಾವೆ 1912ರಲ್ಲಿ ಒಂದು ವಿಚಾರ ಮುಂದಿಟ್ಟರು. ಕ್ಷ-ಕಿರಣ ಅತಿ ಸಣ್ಣ ಅಲೆಯಾಗಿದ್ದರೆ, ಹರಳಿನಲ್ಲಿ ಸಾಲುಗಟ್ಟಿ ನಿಂತ ಪರಮಾಣುಗಳು ಅದನ್ನು ಚದುರಿಸಿ ಚುಕ್ಕೆಗಳ ವಿನ್ಯಾಸ ಮೂಡಿಸಬೇಕು. ಪ್ರಯೋಗ ಮಾಡಿದವರು ಫ್ರೀಡ್ರಿಕ್ ಮತ್ತು ಕ್ನಿಪಿಂಗ್, ಇಬ್ಬರೂ ರಾಂಟ್ಜನ್‌ನ ಶಿಷ್ಯರು. ಮೈಲುತುತ್ತದ ಹರಳಿನ ಹಿಂದೆ ಇಟ್ಟ ಪ್ಲೇಟಿನಲ್ಲಿ ಚುಕ್ಕೆಗಳು ಮೂಡಿದವು. ರಾಂಟ್ಜನ್ 1895ರಲ್ಲಿ ಹುಡುಕಿ ಸಿಗಲಿಲ್ಲವೆಂದು ಬರೆದಿದ್ದ ಅಲೆಯ ಗುರುತು ಅದು. ಆಗ ಆತನಿಗೆ 67 ವರ್ಷ. ಎಕ್ಸ್ ಎಂಬ ಅಜ್ಞಾತ ರಾಶಿಯ ಬೆಲೆ ಸಿಕ್ಕಿತ್ತು: ಅದು ಬೆಳಕೇ, ಆದರೆ ಕಣ್ಣಿಗೆ ಕಾಣುವ ಬೆಳಕಿಗಿಂತ ಸಾವಿರಾರು ಪಾಲು ಕಿರಿದಾದ ಅಲೆಯುಳ್ಳದ್ದು. ಲಾವೆ 1914ರ ನೊಬೆಲ್ ಪಡೆದರು. ಆ ಚುಕ್ಕೆಗಳಿಂದ ಪರಮಾಣುಗಳ ಜಾಗವನ್ನು ಲೆಕ್ಕಹಾಕುವುದನ್ನು ಕಲಿಸಿದ ಇಂಗ್ಲೆಂಡಿನ ಬ್ರ್ಯಾಗ್ ತಂದೆ-ಮಗ 1915ರದನ್ನು ಪಡೆದರು. ಈ ವಿದ್ಯೆ ನಮ್ಮ ಬೆಂಗಳೂರಿಗೂ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಶಿಷ್ಯ ಜಿ. ಎನ್. ರಾಮಚಂದ್ರನ್ 1944ರಲ್ಲಿ ವಜ್ರದ ಒಳಗಿನ ದೋಷಗಳನ್ನು ಕ್ಷ-ಕಿರಣದ ಚಿತ್ರಗಳಲ್ಲಿ ತೋರಿಸಿದರು.

ಕೊನೆಯ ವರ್ಷಗಳು

ಮೊದಲ ಮಹಾಯುದ್ಧ ಆತನನ್ನು ಬಹಳ ಕಾಡಿತು. 1914ರಲ್ಲಿ ಜರ್ಮನಿಯ ಯುದ್ಧವನ್ನು ಸಮರ್ಥಿಸಿ 93 ವಿದ್ವಾಂಸರು ಹೊರಡಿಸಿದ ಹೇಳಿಕೆಗೆ ಸಹಿ ಹಾಕಿದ. ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟ. ಬರ್ಥಾ ದೀರ್ಘಕಾಲ ಕಾಯಿಲೆಯಿಂದ ನರಳಿದಳು. ನೋವು ತಡೆಯಲು ಆಕೆಗೆ ದಿನಕ್ಕೆ ಹಲವು ಸಲ ಇಂಜೆಕ್ಷನ್ ಬೇಕಾಗುತ್ತಿತ್ತು. ಅದನ್ನು ಗಂಡನೇ ಕಲಿತು ಕೊಡುತ್ತಿದ್ದ. 1919ರ ಅಕ್ಟೋಬರ್ 31ರಂದು ಆಕೆ ತೀರಿಕೊಂಡಳು. ಮರುವರ್ಷ ರಾಂಟ್ಜನ್ ನಿವೃತ್ತನಾದ. ಯುದ್ಧಾನಂತರದ ಹಣದುಬ್ಬರ ಆತನ ಉಳಿತಾಯವನ್ನೆಲ್ಲ ತಿಂದುಹಾಕಿತು. ಪೇಟೆಂಟ್ ಬೇಡವೆಂದಿದ್ದವನು ಮುಪ್ಪಿನಲ್ಲಿ ಖರ್ಚನ್ನು ಲೆಕ್ಕಹಾಕಿ ಬದುಕಬೇಕಾಯಿತು. 1923ರ ಫೆಬ್ರವರಿ 10ರಂದು ಮ್ಯೂನಿಕ್‌ನಲ್ಲಿ, ಕರುಳಿನ ಕ್ಯಾನ್ಸರಿನಿಂದ ನಿಧನನಾದ. ಆತನ ಇಚ್ಛೆಯಂತೆ ವೈಜ್ಞಾನಿಕ ಕಾಗದಪತ್ರಗಳನ್ನು ಸುಟ್ಟುಹಾಕಿದರು. ಸಮಾಧಿ ಗೀಸನ್ ಊರಿನಲ್ಲಿ, ಹೆಂಡತಿಯ ಪಕ್ಕದಲ್ಲಿದೆ.

ಮಸೂರ ಸಿಕ್ಕಿತು

ಕ್ಷ-ಕಿರಣ ಬಾಗುವುದೇ ಇಲ್ಲವೆಂದಲ್ಲ, ಬಾಗುವುದು ಅತ್ಯಲ್ಪ. ವಸ್ತುವಿನೊಳಗೆ ಅದರ ವಕ್ರೀಭವನಾಂಕ ಒಂದಕ್ಕಿಂತ ತುಸು ಕಡಿಮೆ. ಆ ‘ತುಸು’ ಎಂಬುದು ಹತ್ತು ಲಕ್ಷದಲ್ಲಿ ಕೆಲವೇ ಪಾಲು. ರಾಂಟ್ಜನ್‌ನ ಪ್ಲೇಟುಗಳಲ್ಲಿ ಅದು ಕಾಣುವ ಹಾಗೆಯೇ ಇರಲಿಲ್ಲ. ಹೆಚ್ಚೆಂದರೆ 1.05 ಎಂದು ಆತ ಹಾಕಿದ ಮಿತಿ ಸರಿಯಾಗಿಯೇ ನಿಂತಿತು.

ಈ ಕೊರತೆಯಿಂದಲೇ ಒಂದು ದಾರಿ ತೆರೆಯಿತು. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿದರೆ ಮುಳುಗದೆ ಜಿಗಿದು ಹೋಗುವಂತೆ, ನುಣುಪಾದ ಕನ್ನಡಿಗೆ ಸವರಿಕೊಂಡು ಬಂದ ಕ್ಷ-ಕಿರಣ ಪೂರ್ತಿ ಪ್ರತಿಫಲಿಸುತ್ತದೆಂದು 1920ರ ದಶಕದ ಆರಂಭದಲ್ಲಿ ಅಮೆರಿಕದ ಆರ್ಥರ್ ಕಾಂಪ್ಟನ್ ತೋರಿಸಿದರು. 1948ರಲ್ಲಿ ಸ್ಟ್ಯಾನ್‌ಫರ್ಡ್‌ನ ಪಾಲ್ ಕರ್ಕ್‌ಪ್ಯಾಟ್ರಿಕ್ ಮತ್ತು ಆಲ್ಬರ್ಟ್ ಬಾಯೆಜ್ ಬಾಗಿದ ಎರಡು ಕನ್ನಡಿಗಳನ್ನು ಒಂದಕ್ಕೊಂದು ಅಡ್ಡವಾಗಿರಿಸಿ ಬಿಂಬ ಮೂಡಿಸಿದರು. ಗಾಯಕಿ ಜೋನ್ ಬಾಯೆಜ್ ಈ ಬಾಯೆಜ್ ಅವರ ಮಗಳು. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನಲ್ಲಿ 1999ರಲ್ಲಿ ಆಕಾಶಕ್ಕೇರಿದ ಚಂದ್ರ ದೂರದರ್ಶಕವೂ ಇಂಥ ಸವರು ಕನ್ನಡಿಗಳಿಂದಲೇ ಕ್ಷ-ಕಿರಣವನ್ನು ಕೂಡಿಸುತ್ತದೆ.

ಮಸೂರದ ಸರದಿ ಬಂದದ್ದು 1996ರಲ್ಲಿ, ಫ್ರಾನ್ಸಿನ ಗ್ರೆನೋಬ್ಲ್ ನಗರದ ಸಿಂಕ್ರೊಟ್ರಾನ್ ಕೇಂದ್ರದಲ್ಲಿ. ಅನಾತೊಲಿ ಸ್ನಿಗಿರೆವ್ ಮತ್ತು ಸಂಗಡಿಗರು ಮಾಡಿದ್ದು ಬಹಳ ಸರಳ. ಒಂದು ಅಲ್ಯೂಮಿನಿಯಂ ತುಂಡಿನಲ್ಲಿ 0.6 ಮಿಲಿಮೀಟರ್ ಅಗಲದ 30 ರಂಧ್ರಗಳನ್ನು ಸಾಲಾಗಿ ಕೊರೆದರು. ಎರಡು ರಂಧ್ರಗಳ ನಡುವೆ ಉಳಿಯುವ ಲೋಹ ಒಳಬಾಗಿದ ಮಸೂರದ ಆಕಾರದಲ್ಲಿರುತ್ತದೆ. ವಕ್ರೀಭವನಾಂಕ ಒಂದಕ್ಕಿಂತ ಕಡಿಮೆಯಾದ್ದರಿಂದ ಕ್ಷ-ಕಿರಣದ ಮಟ್ಟಿಗೆ ಈ ಒಳಬಾಗಿದ ಆಕಾರವೇ ಕಿರಣವನ್ನು ಕೂಡಿಸುತ್ತದೆ. ಒಂದು ರಂಧ್ರ ಬಾಗಿಸುವುದು ಲೆಕ್ಕಕ್ಕೆ ಬಾರದಷ್ಟು. ಮೂವತ್ತೂ ಸೇರಿದಾಗ ಕಿರಣ 1.8 ಮೀಟರ್ ದೂರದಲ್ಲಿ 8 ಮೈಕ್ರಾನ್ ಅಗಲದ ಗೆರೆಯಾಗಿ ಕೂಡಿಬಂತು. ರಾಂಟ್ಜನ್ ಪ್ರಿಸಂ ಮಾಡಿ ಅನುಮಾನದಲ್ಲೇ ಬಿಟ್ಟ ಅಲ್ಯೂಮಿನಿಯಂ, 101 ವರ್ಷದ ಮೇಲೆ ಮಸೂರವಾಯಿತು. ಇಂದು ಇಂಥ ಮಸೂರಗಳಿಂದಲೂ ಕನ್ನಡಿಗಳಿಂದಲೂ ಕಟ್ಟಿದ ಕ್ಷ-ಕಿರಣ ಸೂಕ್ಷ್ಮದರ್ಶಕಗಳಲ್ಲಿ ಬ್ಯಾಟರಿಯ ಒಡಲು, ಕಂಪ್ಯೂಟರ್ ಚಿಪ್ಪಿನ ಪದರಗಳು, ಮೂಳೆಯ ಒಳಗಿನ ಸೂಕ್ಷ್ಮ ರಂಧ್ರಗಳನ್ನು ಅವನ್ನು ಒಡೆಯದೆಯೇ ನೋಡುತ್ತಾರೆ.

ನಮ್ಮ ಸಂಘದ ಮಕ್ಕಳಲ್ಲಿ ಎಷ್ಟೋ ಮಂದಿ ವಿಜ್ಞಾನ ಮೇಳಗಳಿಗೆ ಪ್ರಯೋಗ ಮಾಡುತ್ತಾರೆ. ಪ್ರಯೋಗ ಫಲಿಸದಿದ್ದರೆ ಅಳುಮೋರೆ ಹಾಕಿಕೊಂಡು ಹಲಗೆಯನ್ನು ಕಾರಿನಲ್ಲಿ ತುಂಬುವುದನ್ನು ನೋಡಿದ್ದೇನೆ. ಆ ಮಕ್ಕಳಿಗೆ ರಾಂಟ್ಜನ್ ತೆಗೆದ ಕೈಯ ಚಿತ್ರದ ಜೊತೆಗೆ ಆತನ ಪ್ರಿಸಂಗಳ ಕಥೆಯನ್ನೂ ಹೇಳೋಣ. ಏನು ಮಾಡಿದೆ, ಎಷ್ಟು ಅಳೆದೆ, ಎಲ್ಲಿಗೆ ನಿಂತಿತು ಎಂದು ಆತ ನೇರವಾಗಿ ಬರೆದಿಟ್ಟದ್ದರಿಂದ ಹಿಂದೆ ಬಂದವರಿಗೆ ಎಲ್ಲಿಂದ ಹೊರಡಬೇಕೆಂಬುದು ತಿಳಿದಿತ್ತು. ಮಕ್ಕಳ ಹಲಗೆಯ ಮೇಲೂ ಅಷ್ಟು ಬರೆದಿದ್ದರೆ ಸಾಕು, ಬಹುಮಾನ ಬಾರದಿದ್ದರೂ ಅದು ವಿಜ್ಞಾನವೇ.